ಎಕ್ಸ್520 ಕಾರ್ಡ್: ಫೈಬರ್ ಮಾಡ್ಯೂಲ್ ಹಾಕಿದರೆ ಎರಡನೇ ಪೋರ್ಟೇ ನಾಪತ್ತೆ

ಪ್ರಶ್ನೆ

ಸರ್ವರ್‌ನಲ್ಲಿ ಡೆಬಿಯನ್ 12 (ಲಿನಕ್ಸ್), ನೆಟ್‌ವರ್ಕ್ ಕಾರ್ಡ್ ಇಂಟೆಲ್ ಎಕ್ಸ್520-ಡಿಎ2. ಮೊದಲ ಪೋರ್ಟ್‌ಗೆ 3 ಮೀಟರ್ ಡಿಎಸಿ ಕೇಬಲ್ (ನೇರವಾಗಿ ಪೋರ್ಟ್‌ಗೆ ಚುಚ್ಚೋ ತಾಮ್ರದ ಕೇಬಲ್), 10 ಗಿಗಾಬಿಟ್ ಲಿಂಕ್ ಸಲೀಸಾಗಿ ಬರ್ತಿದೆ. ಎರಡನೆಯದಕ್ಕೆ ಬೇರೆ ಬ್ರ್ಯಾಂಡಿನ 10ಜಿ ಎಸ್‌ಆರ್ ಮಾಡ್ಯೂಲ್ (ಕಡಿಮೆ ದೂರದ ಫೈಬರ್‌ಗೆ) ಹಾಕಿ ರೀಬೂಟ್ ಮಾಡಿದರೆ 'ಐಪಿ ಲಿಂಕ್' ಪಟ್ಟಿಯಲ್ಲಿ ಆ ಇಂಟರ್‌ಫೇಸೇ ಇಲ್ಲ. ಹಾರ್ಡ್‌ವೇರ್ ಪಟ್ಟಿ ಕೊಡೋ ಎಲ್‌ಎಸ್‌ಪಿಸಿಐನಲ್ಲಿ ಎರಡೂ ಪೋರ್ಟ್ ಕಾಣ್ತವೆ. ಮಾಡ್ಯೂಲ್ ಕಿತ್ತು ಬೂಟ್ ಮಾಡಿದರೆ ಇಂಟರ್‌ಫೇಸ್ ವಾಪಸ್. ಕಾರ್ಡ್ ಕೆಟ್ಟಿದೆಯಾ?

ಉತ್ತರ 1

ಕಾರ್ಡ್ ಕೆಟ್ಟಿಲ್ಲ, ಡ್ರೈವರ್ ಬೇಕಂತಲೇ ಪೋರ್ಟನ್ನು ಕೈಬಿಟ್ಟಿದೆ. ಡಿಎಂಇಎಸ್‌ಜಿ (ಕರ್ನಲ್ ಸಂದೇಶಗಳು) ಔಟ್‌ಪುಟ್‌ನಲ್ಲಿ ಡ್ರೈವರಿನ ಹೆಸರು 'ಐಎಕ್ಸ್‌ಜಿಬಿಇ' ಅಂತ ಹುಡುಕಿ. ಬೆಂಬಲವಿಲ್ಲದ ಎಸ್‌ಎಫ್‌ಪಿ ಪ್ಲಸ್ (ನಿಮ್ಮಂಥ 10ಜಿ) ಮಾಡ್ಯೂಲ್ ಪತ್ತೆಯಾಗಿದೆ, ಹಾಗಾಗಿ ಲೋಡ್ ಆಗಲಿಲ್ಲ ಎಂಬ ಸಾಲು ಸಿಗುತ್ತೆ.

ಈ ಕಾರ್ಡಿನ 82599 ಚಿಪ್‌ನ ಡ್ರೈವರ್, ನೀವು ಹಾಕಿದ ಫೈಬರ್ ಮಾಡ್ಯೂಲಿನ ಈಪ್ರಾಮ್ (ಒಳಗಿನ ಪುಟ್ಟ ಮೆಮೊರಿ) ಓದಿ ತಯಾರಕರು ಯಾರು ಅಂತ ನೋಡುತ್ತೆ. ಇಂಟೆಲ್ ಅಲ್ಲದಿದ್ದರೆ ಇಂಟರ್‌ಫೇಸನ್ನೇ ನೋಂದಾಯಿಸಲ್ಲ. ಪ್ಯಾಸಿವ್ (ಒಳಗೆ ಸಿಗ್ನಲ್ ವರ್ಧಕವಿಲ್ಲದ) ಡಿಎಸಿ ಯಾರದ್ದಾದರೂ ಒಪ್ಪಿಕೊಳ್ಳುತ್ತೆ, ನಿಮ್ಮ ಮೊದಲ ಪೋರ್ಟ್ ಬದುಕಿರೋದು ಅದಕ್ಕೇ.

ಇಟಿಸಿ ಒಳಗಿನ ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರ್‌ನಲ್ಲಿ 'ಐಎಕ್ಸ್‌ಜಿಬಿಇ ಡಾಟ್ ಕಾನ್ಫ್' ಫೈಲ್ ಮಾಡಿ ಈ ಒಂದೇ ಸಾಲು ಬರೆಯಿರಿ:

ಆಪ್ಷನ್ಸ್ ಐಎಕ್ಸ್‌ಜಿಬಿಇ ಅಲೋ_ಅನ್‌ಸಪೋರ್ಟೆಡ್_ಎಸ್‌ಎಫ್‌ಪಿ=1

ಆಮೇಲೆ 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು' ಓಡಿಸಲೇಬೇಕು. ಇಲ್ಲದಿದ್ದರೆ, ಡ್ರೈವರ್ ಇನಿಟ್‌ರಾಮ್‌ಎಫ್‌ಎಸ್‌ನಿಂದಲೇ (ಬೂಟ್ ಶುರುವಿನಲ್ಲಿ ಬಳಸೋ ಪುಟ್ಟ ಫೈಲ್ ಸಿಸ್ಟಂ) ಲೋಡ್ ಆಗೋ ಯಂತ್ರಗಳಲ್ಲಿ ಹೊಸ ಸಾಲು ಅದರ ಕಣ್ಣಿಗೇ ಬೀಳಲ್ಲ. ಅರ್ಧ ಜನ ಎಡವೋದು ಇಲ್ಲೇ. ರೆಡ್‌ಹ್ಯಾಟ್ ಬಳಗದಲ್ಲಿ ಇದೇ ಕೆಲಸಕ್ಕೆ 'ಡ್ರಾಕಟ್ -ಎಫ್'.

ಉತ್ತರ 2

ಮೇಲಿನದಕ್ಕೆ ಎರಡು ಮಾತು ಸೇರಿಸ್ತೀನಿ.

ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮೊದಲ ಪೋರ್ಟ್ ಮೂಲಕ ಇದ್ದರೆ ಡ್ರೈವರ್ ಅನ್‌ಲೋಡ್ ಮಾಡಬೇಡಿ. ಎರಡೂ ಪೋರ್ಟ್‌ಗೆ ಡ್ರೈವರ್ ಒಂದೇ, ಕೂತ ಕೊಂಬೆಯನ್ನೇ ಕಡಿದ ಹಾಗಾಗುತ್ತೆ. ಎರಡನೇ ಪೋರ್ಟನ್ನಷ್ಟೇ ಡ್ರೈವರಿನಿಂದ ಅನ್‌ಬೈಂಡ್ ಮಾಡಿ (ಬಿಡಿಸಿ) ಮತ್ತೆ ಬೈಂಡ್ ಮಾಡೋದೂ ಪ್ರಯೋಜನವಿಲ್ಲ, ಆ ಸೆಟ್ಟಿಂಗ್ ಓದೋದು ಡ್ರೈವರ್ ಲೋಡ್ ಆಗುವಾಗ ಮಾತ್ರ. ಐಪಿಎಂಐ ಕನ್ಸೋಲ್ (ನೆಟ್‌ವರ್ಕ್ ಕಾರ್ಡ್ ನೆಚ್ಚದ ದೂರನಿಯಂತ್ರಣ) ಇದ್ದರೆ ಅಲ್ಲಿಂದ ಮಾಡಿ, ಇಲ್ಲಾಂದ್ರೆ ರೀಬೂಟೇ ಮೇಲು.

ಇನ್ನೊಂದು, ಕರ್ನಲ್ ಜೊತೆ ಬರೋ ಡ್ರೈವರ್‌ಗೆ ಒಂದು '1' ಸಾಕು. ಇಂಟೆಲ್‌ನಿಂದ ಪ್ರತ್ಯೇಕವಾಗಿ ಇಳಿಸಿ ಕಂಪೈಲ್ ಮಾಡಿದ್ದಾದರೆ ಪೋರ್ಟ್‌ಗೊಂದರಂತೆ '1,1' ಕೊಡಬೇಕು. ಸೆಟ್ಟಿಂಗ್ ಹತ್ತಿದೆಯಾ ಅಂತ ಸಿಸ್ ಫೋಲ್ಡರ್‌ನ ಪ್ಯಾರಾಮೀಟರ್ಸ್‌ನಲ್ಲಿ ಹುಡುಕಬೇಡಿ, ಕರ್ನಲ್ ಡ್ರೈವರ್ ಅದನ್ನು ಅಲ್ಲಿ ತೋರಿಸಲ್ಲ. ಡಿಎಂಇಎಸ್‌ಜಿಯಲ್ಲಿ ಬೇರೆಯವರ ಆಪ್ಟಿಕ್ಸ್ ಪರೀಕ್ಷಿಸಿಲ್ಲ ಎಂಬ ಉದ್ದನೆಯ ಎಚ್ಚರಿಕೆ ಬಂದರೆ ಹತ್ತಿದೆ ಅಂತಲೇ ಅರ್ಥ.

ಪ್ರಶ್ನೆ ಕೇಳಿದವರು

ಇಂಟರ್‌ಫೇಸ್ ಬಂತು, ಎಚ್ಚರಿಕೆಯೂ ಬಂತು. ಆದರೆ 'ನೋ-ಕ್ಯಾರಿಯರ್' (ಲಿಂಕ್ ಇಲ್ಲ) ಅಂತಿದೆ. ಸ್ವಿಚ್ ಕಡೆಯೂ ದೀಪವಿಲ್ಲ.

ಉತ್ತರ 3

'ನೋ-ಕ್ಯಾರಿಯರ್' ಅಂತಿದ್ದರೆ ಇಂಟರ್‌ಫೇಸ್ ಆಗಲೇ 'ಅಪ್' ಆಗಿದೆ, ಲಿಂಕ್ ಅಷ್ಟೇ ಸಿಕ್ಕಿಲ್ಲ. 'ಈಥ್‌ಟೂಲ್ -ಎಂ' ಕೊಟ್ಟು ಮಾಡ್ಯೂಲಿಗೆ ಬರ್ತಿರೋ ಬೆಳಕಿನ ಅಳತೆ ನೋಡಿ. ಕಳಿಸೋ ಶಕ್ತಿ -2 ಅಥವಾ -3 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ) ಇದ್ದು ಬರೋದು -40 ಆಸುಪಾಸು ಇದ್ದರೆ ಆ ಕಡೆಯಿಂದ ಬೆಳಕೇ ಬರ್ತಿಲ್ಲ. ಎಸ್‌ಆರ್‌ಗೆ ಕನಿಷ್ಠ -9.9 ಬೇಕು.

ಹೆಚ್ಚಿನ ಪಾಲು ಎಲ್‌ಸಿ (ಫೈಬರ್ ಕನೆಕ್ಟರ್) ಜೋಡಿಯಲ್ಲಿ ಎರಡು ಎಳೆ ಅದಲುಬದಲಾಗಿರುತ್ತೆ: ಟಿಎಕ್ಸ್ (ಕಳಿಸೋ ಕಡೆ) ಟಿಎಕ್ಸ್‌ಗೇ ಹೋಗಿರುತ್ತೆ. ಒಂದು ತುದಿಯ ಕ್ಲಿಪ್ ಬಿಚ್ಚಿ ಎಳೆಗಳನ್ನು ತಿರುಗಿಸಿ ಹಾಕಿ. ಸ್ವಿಚ್ ತುದಿಯ ಮಾಡ್ಯೂಲ್ 1310 ನ್ಯಾನೋಮೀಟರಿನ ಎಲ್‌ಆರ್ (ಹೆಚ್ಚು ದೂರದ್ದು) ಅಲ್ಲ ತಾನೇ ಅಂತಲೂ ನೋಡಿ, ಎಸ್‌ಆರ್‌ನದು 850. ಬರೋ ಶಕ್ತಿ -12, -13 ಹೀಗೆ ಅರೆಬರೆ ಇದ್ದರೆ ತುದಿಗೆ ಧೂಳು ಕೂತಿರುತ್ತೆ, ಕ್ಲೀನರ್ ಪೆನ್‌ನಿಂದ ಒರೆಸಿ. ಲೇಸರ್ ಇದೆಯಾ ಅಂತ ಕಣ್ಣಿಟ್ಟು ಮಾತ್ರ ನೋಡಬೇಡಿ, 850 ಸರಿಯಾಗಿ ಕಾಣಲ್ಲ, ಕಣ್ಣಿಗೂ ಒಳ್ಳೇದಲ್ಲ.

ಪ್ರಶ್ನೆ ಕೇಳಿದವರು

ಬರೋ ಶಕ್ತಿ -40 ಇತ್ತು. ಎಳೆ ತಿರುಗಿಸಿದ ಕೂಡಲೇ -3.1, ಲಿಂಕ್ 10000 ಮೆಗಾಬಿಟ್. ಎರಡೂ ಪೋರ್ಟ್‌ಗೆ ಒಟ್ಟಿಗೆ ಲೋಡ್ ಕೊಟ್ಟರೆ 14 ಗಿಗಾಬಿಟ್ ದಾಟ್ತಿಲ್ಲ, ಅದು ಬೇರೆ ವಿಷಯವೇ?

ಉತ್ತರ 2

ಬೇರೆಯೇ. ಎಲ್‌ಎಸ್‌ಪಿಸಿಐ '-ವಿವಿ' ಕೊಟ್ಟು 'ಲಿಂಕ್ ಸ್ಟೇಟಸ್' ಸಾಲು ನೋಡಿ. ಕಾರ್ಡ್ ಪಿಸಿಐಇ 2.0 (ಬೋರ್ಡಿಗೆ ಜೋಡಿಸೋ ಸ್ಲಾಟಿನ ಮಾದರಿ), ಎಂಟು ಲೇನ್ (ದತ್ತಾಂಶದ ದಾರಿ). ಅಲ್ಲಿ ನಾಲ್ಕು ಲೇನ್ ಅಂತ ಬಂದರೆ ಒಟ್ಟು ಸಿಗೋದೇ 16 ಗಿಗಾಬಿಟ್, ಪ್ರೋಟೋಕಾಲಿನ ಖರ್ಚು ಕಳೆದರೆ ನಿಮ್ಮ 14ರ ಹತ್ತಿರ ನಿಲ್ಲುತ್ತೆ. ಸ್ಲಾಟ್ ಉದ್ದವಿದ್ದರೂ ಒಳಗೆ ನಾಲ್ಕೇ ಲೇನ್ ಇರೋ ಬೋರ್ಡ್‌ಗಳು ಬಹಳ. ಬೋರ್ಡಿನ ಕೈಪಿಡಿ ನೋಡಿ ಎಂಟು ಲೇನಿನ ಸ್ಲಾಟ್‌ಗೆ ಬದಲಾಯಿಸಿ. ಸ್ಲಾಟ್ ಬದಲಾದರೆ ಇಂಟರ್‌ಫೇಸ್ ಹೆಸರೂ ಬದಲಾಗಬಹುದು, ನೆಟ್‌ವರ್ಕ್ ಫೈಲ್ ತಿದ್ದಲು ಕನ್ಸೋಲ್ ತೆರೆದಿಟ್ಟುಕೊಳ್ಳಿ.