ಬಡಾವಣೆಯ ಉದ್ಯಾನ ಹಾಳಾಗಿದೆ: ಯಾರಿಗೆ ದೂರು ಕೊಟ್ಟರೆ ಕೆಲಸವಾಗುತ್ತದೆ?

ಕೇಳಿದವರು: ನಮ್ಮ ಉದ್ಯಾನದಲ್ಲಿ ಜಾರುಬಂಡೆಯ ತಗಡು ಅಂಚಿನಲ್ಲಿ ಸೀಳಿದೆ, ನಡಿಗೆ ಪಥದ ಇಂಟರ್‌ಲಾಕ್ ಕಲ್ಲುಗಳು ಹೊಂಗೆ ಮರದ ಬೇರಿನಿಂದ ಮೇಲೆದ್ದಿವೆ, ಹಿಂಬದಿಯ ದೀಪಗಳು ಉರಿಯುತ್ತಿಲ್ಲ. ಆ್ಯಪ್‌ನಲ್ಲಿ ದಾಖಲಿಸಿದ ದೂರು ‘ಪರಿಹರಿಸಲಾಗಿದೆ’ ಎಂಬ ಸಂದೇಶದೊಂದಿಗೆ ತಾನಾಗಿಯೇ ಮುಚ್ಚಿಹೋಗುತ್ತಿದೆ. ಅನುಭವವಿದ್ದವರು ದಯವಿಟ್ಟು ದಾರಿ ತಿಳಿಸಿ.

ನಿವೃತ್ತ ಲೆಕ್ಕಿಗರು: ಆ್ಯಪ್ ಸಹವಾಸವನ್ನು ನಾನು ಎಂದೋ ಬಿಟ್ಟೆ. ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ನಿರ್ವಹಣಾ ಗುತ್ತಿಗೆಯ ಕರಾರು, ಮಾಲಿಗಳ ಹಾಜರಿ ಪುಸ್ತಕ ಮತ್ತು ಅಳತೆ ಪುಸ್ತಕದ ಪ್ರತಿಗಳನ್ನು ಕೇಳಿದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಅದನ್ನೇ ನೆಪವಾಗಿಸಿ ಹಿಂತಿರುಗಿಸಿದರು. ಮೂರನ್ನೂ ಬೇರೆ ಬೇರೆ ಬರೆದೆ. 30 ದಿನಗಳ ಗಡುವು ಮೀರಿದಾಗ ಮೇಲ್ಮನವಿ ಹಾಕಿದೆ. ಕೊನೆಗೆ ಬಂದ ಹಾಜರಿ ಪುಸ್ತಕದಲ್ಲಿ ಪ್ರತಿದಿನವೂ ನಾಲ್ವರು ಮಾಲಿಗಳ ಸಹಿ ಇತ್ತು. ನಾಲ್ಕೂ ಒಂದೇ ಕೈಬರಹ, ಯುಗಾದಿಯ ದಿನವೂ ತಪ್ಪಿಲ್ಲ. ನಾವು ಕಂಡದ್ದು ಒಬ್ಬ ವೃದ್ಧರನ್ನು ಮಾತ್ರ, ಅವರೂ ನೀರು ಹಾಯಿಸುವ ಪೈಪನ್ನು ಎದುರು ಮನೆಯಿಂದ ಕೇಳಿ ತರುತ್ತಿದ್ದರು. ಆ ಪುಟಗಳನ್ನು ಲಗತ್ತಿಸಿ ಮೇಲಧಿಕಾರಿಗೆ ಬರೆದ ಮೇಲೆ ಗುತ್ತಿಗೆದಾರರ ಬಿಲ್ಲು ತಡೆಹಿಡಿಯಲ್ಪಟ್ಟಿತು, ನಡಿಗೆ ಪಥವೂ ಸರಿಹೋಯಿತು. ದೂರು ಕೊಡಬೇಡಿ, ದಾಖಲೆ ಕೇಳಿ.

ಎಂಟನೇ ಅಡ್ಡರಸ್ತೆಯ ನಿವಾಸಿ: ದಾಖಲೆ ಬರುವ ತನಕ ಮಕ್ಕಳು ಹರಿದ ತಗಡಿನ ಮೇಲೆ ಜಾರುತ್ತಿರಬೇಕೆ, ಸರ್? ನನ್ನ ಮಗಳ ತೊಡೆಗೆ ಹೊಲಿಗೆ ಬಿದ್ದ ವಾರವೇ ನಾವು ನಾಲ್ಕು ಮನೆಯವರು ಹಣ ಸೇರಿಸಿದೆವು. ತಗಡಿಗೆ 4,200, ವೆಲ್ಡರ್ ಕೂಲಿ 2,500, ಆಟೋ ಬಾಡಿಗೆ 600, ಬಣ್ಣಕ್ಕೆ 900, ಒಟ್ಟು 8,200 ರೂಪಾಯಿ. ಬಣ್ಣದಂಗಡಿಯ ಚೀಟಿಯಲ್ಲಿ ಜಿಎಸ್‌ಟಿ ಸಂಖ್ಯೆ ಇಲ್ಲವೆಂದು ಸಂಘದ ಖಜಾಂಚಿ ಆ 900ನ್ನು ಇಂದಿಗೂ ಕೊಟ್ಟಿಲ್ಲ. ಇಷ್ಟಾದ ಮೇಲೆ ಸಾರ್ವಜನಿಕ ಸ್ವತ್ತಿಗೆ ಅನುಮತಿಯಿಲ್ಲದೆ ಕೈಹಾಕಿದ್ದೀರಿ ಎಂಬ ನೋಟಿಸು ಬಂತು. ಅದಕ್ಕಿಂತ ಉರಿಯುವ ಸಂಗತಿಯೆಂದರೆ, ನಾವು ಬಣ್ಣ ಬಳಿದ ಜಾರುಬಂಡೆಯ ಚಿತ್ರವನ್ನೇ ತೆಗೆದು ನನ್ನ ಹಳೆಯ ದೂರಿಗೆ ಅಂಟಿಸಿ, ಕೆಲಸ ಪೂರ್ಣಗೊಂಡಿದೆ ಎಂದು ಮುಚ್ಚಿದರು.

ನಿವೃತ್ತ ಲೆಕ್ಕಿಗರು: ನಾನು ಹೇಳಿದ್ದನ್ನು ತಾವೇ ರುಜುವಾತುಪಡಿಸಿದಿರಿ, ಮೇಡಂ. ತಮ್ಮ 8,200 ರೂಪಾಯಿ ಗುತ್ತಿಗೆದಾರರಿಗೆ ಕೊಟ್ಟ ಉಡುಗೊರೆ. ತೆರಿಗೆ ಕಟ್ಟಿ ಮತ್ತೆ ವಂತಿಗೆ ಎತ್ತುವವರು ಇರುವ ತನಕ ಯಾವ ಅಭಿಯಂತರರೂ ಕುರ್ಚಿ ಬಿಟ್ಟು ಏಳುವುದಿಲ್ಲ.

ಎಂಟನೇ ಅಡ್ಡರಸ್ತೆಯ ನಿವಾಸಿ: 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಲ್ಲೇಶ್ವರದ ಆಟದ ಮೈದಾನದಲ್ಲಿ ಕಬ್ಬಿಣದ ಗೇಟು ಮೈಮೇಲೆ ಬಿದ್ದು ಬಾಲಕನೊಬ್ಬ ಪ್ರಾಣ ಕಳೆದುಕೊಂಡ. ಇಂಥದ್ದು ನಡೆಯುವ ಊರಿನಲ್ಲಿ ತಾವು ಗಡುವಿನ ಲೆಕ್ಕ ಹೇಳುತ್ತಿದ್ದೀರಿ. ತಮ್ಮ ಮೊಮ್ಮಕ್ಕಳು ಅಮೆರಿಕದಲ್ಲಿದ್ದಾರೆಂದು ತಾವೇ ಹಿಂದೊಮ್ಮೆ ಬರೆದಿದ್ದಿರಿ. ಅವರು ಇಲ್ಲಿ ಆಡುವುದಿಲ್ಲವಲ್ಲ.

ನಿವೃತ್ತ ಲೆಕ್ಕಿಗರು: ವೈಯಕ್ತಿಕ ವಿಷಯವನ್ನು ಎಳೆದು ತರುವ ಅಗತ್ಯವಿರಲಿಲ್ಲ.

ಕೊನೆಯ ಹಂತದ ಬಡಾವಣೆಯವರು: ಇಬ್ಬರೂ ಅದೃಷ್ಟವಂತರು, ತಮ್ಮ ಉದ್ಯಾನಕ್ಕೆ ಒಬ್ಬ ಯಜಮಾನನಾದರೂ ಇದ್ದಾನೆ. ನಮ್ಮ ಬಡಾವಣೆ ಇನ್ನೂ ನಗರಸಂಸ್ಥೆಗೆ ಹಸ್ತಾಂತರವಾಗಿಲ್ಲ. ಬಡಾವಣೆ ನಿರ್ಮಿಸಿದವರು ನಿವೇಶನಗಳೆಲ್ಲ ಮಾರಾಟವಾದ ಮೇಲೆ ನಮ್ಮ ಕೆಲಸ ಮುಗಿಯಿತು ಎನ್ನುತ್ತಾರೆ, ನಗರಸಂಸ್ಥೆಯವರು ನಮ್ಮ ವಹಿಯಲ್ಲಿ ಈ ಉದ್ಯಾನವೇ ಇಲ್ಲ ಎನ್ನುತ್ತಾರೆ. ದೀಪದ ಕೇಬಲ್ ಕಳುವಾದಾಗ ಪೊಲೀಸ್ ಠಾಣೆಯಲ್ಲಿ, ಸ್ವತ್ತಿನ ಮಾಲೀಕರು ಬಂದು ದೂರು ಕೊಡಲಿ ಎಂದರು. ಮಾಲೀಕರು ಯಾರೆಂಬುದೇ ನಮ್ಮ ಪ್ರಶ್ನೆಯಾಗಿತ್ತು. ಹಸ್ತಾಂತರವಾದ ಕಡೆಯೂ ಹುಲ್ಲು ಒಂದು ವಿಭಾಗಕ್ಕೆ, ದೀಪ ವಿದ್ಯುತ್ ವಿಭಾಗಕ್ಕೆ, ಕೊಂಬೆ ಅರಣ್ಯ ಘಟಕಕ್ಕೆ ಸೇರುವುದುಂಟು. ಮೂರನ್ನೂ ಒಂದೇ ದೂರಿನಲ್ಲಿ ಬರೆದರೆ ಅದನ್ನು ಕೈಗೆತ್ತಿಕೊಂಡವರು ತಮ್ಮ ಪಾಲಿಗೆ ಉತ್ತರ ಬರೆದು ಇಡೀ ದೂರನ್ನೇ ಮುಚ್ಚುತ್ತಾರೆ. ಇನ್ನು, 1985ರ ಉದ್ಯಾನ ಮತ್ತು ತೆರೆದ ಸ್ಥಳಗಳ ಕಾಯ್ದೆಯನ್ನು ಯಾರೂ ಇಲ್ಲಿ ಉಲ್ಲೇಖಿಸಬೇಡಿ. ಅದು ಜಾಗ ಉಳಿಸಿಕೊಡಬಹುದು, ದೀಪ ಹಚ್ಚಿಕೊಡುವುದಿಲ್ಲ.

ನಿವೃತ್ತ ಲೆಕ್ಕಿಗರು: ಬೇರಿನ ವಿಷಯ ಉಳಿಯಿತು. ನಮ್ಮಲ್ಲಿ ಮೇಲೆದ್ದ ಬೇರನ್ನು ಕತ್ತರಿಸಿಯೇ ಕಲ್ಲು ಕೂರಿಸಿದರು, ಈವರೆಗೆ ತೊಂದರೆಯಿಲ್ಲ.

ಸಸ್ಯಶಾಸ್ತ್ರದ ಅಧ್ಯಾಪಕರು: ಹಾಜರಿ ಪುಸ್ತಕ ಓದಿದಷ್ಟು ಸುಲಭವಾಗಿ ಮರವನ್ನು ಓದಲಾಗದು. ಬುಡದ ಬಳಿಯ ದಪ್ಪ ಬೇರನ್ನು ಒಂದು ಬದಿ ಕತ್ತರಿಸಿದರೆ ಮರದ ಹಿಡಿತ ತಪ್ಪುತ್ತದೆ, ಮುಂಗಾರಿಗೆ ಮುನ್ನ ಬೀಸುವ ಬಿರುಗಾಳಿಯಲ್ಲಿ ಇಂಥ ಮರಗಳೇ ಉರುಳುವುದು. ನಮ್ಮಲ್ಲಿ ಹೀಗೆಯೇ ಒಂದು ಹೊಂಗೆ ಕಾರಿನ ಮೇಲೆ ಬಿತ್ತು. ವಿಮೆ ಕಂಪನಿಯವರು ಗಾಜಿಗೆ ಕೊಟ್ಟರು, ಛಾವಣಿಗೆ ಕೊಡಲಿಲ್ಲ, ಆ ಕಥೆ ಬೇರೆ. ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕೆಂದ ಮೇಲೆ, ಬೇರು ಕಡಿದು ನಿಧಾನವಾಗಿ ಕೊಲ್ಲುವುದು ಯಾವ ನ್ಯಾಯ? ಮರದ ಸುತ್ತ ಕಲ್ಲು ತೆಗೆಸಿ, ಪಥವನ್ನು ತುಸು ಬಳಸಿ ಒಯ್ದು, ಅಲ್ಲಿ ಗಟ್ಟಿಯಾಗಿ ದಮ್ಮಸು ಮಾಡಿದ ಮಣ್ಣು ಹಾಕಿಸಿ.

ನಿವೃತ್ತ ಲೆಕ್ಕಿಗರು: ಆ ಮಣ್ಣು ಮೊದಲ ಮಳೆಗೇ ಕೆಸರಾಗುತ್ತದೆ. ನನ್ನ ಮನೆಯಾಕೆ ಅಂಥ ಪಥದಲ್ಲಿಯೇ ಜಾರಿ ಮಣಿಕಟ್ಟು ಮುರಿದುಕೊಂಡದ್ದು. ಸ್ಕ್ರೂ, ಪ್ಲೇಟು, ಅರಿವಳಿಕೆ ಎಂದು ಬಂದ ಬಿಲ್ಲುಗಳು ನನ್ನ ಬಳಿ ಇವೆ. ಬೇಕಾದರೆ ಒಂದೊಂದಾಗಿ ಇಲ್ಲಿಯೇ ಬರೆಯಬಲ್ಲೆ.

ಎಂಟನೇ ಅಡ್ಡರಸ್ತೆಯ ನಿವಾಸಿ: ಬರೆಯಿರಿ ಸರ್, ಆದರೆ ಒಂದೊಂದು ಉತ್ತರ 150 ಪದ ಮೀರದಿರಲಿ.