ಪದಚರ್ಚೆ: ‘ಡಿಬಗ್’ಗೆ ಕನ್ನಡದಲ್ಲಿ ಏನನ್ನೋಣ? ವೇರಿಯಬಲ್ ಹೆಸರು ತಪ್ಪಿದರೆ ಅದು ಕಾಗುಣಿತ ದೋಷವೇ?

ಪ್ರಶ್ನೆ

ಪಿಯುಸಿ ಮಕ್ಕಳಿಗಾಗಿ ಬರೆದ ಪೈಥಾನ್ ಕೈಪಿಡಿಯೊಂದರ ಕರಡು ತಿದ್ದಬೇಕಾಗಿದೆ. ಮೂರು ಕಡೆ ಅನುಮಾನ. ‘ಡಿಬಗ್ ಮಾಡು’ (ಪ್ರೋಗ್ರಾಂನ ತಪ್ಪು ಹುಡುಕಿ ತಿದ್ದು) ಎನ್ನುವುದಕ್ಕೆ ಒಂದು ಪುಟದಲ್ಲಿ ‘ದೋಷನಿವಾರಣೆ’, ಇನ್ನೊಂದರಲ್ಲಿ ‘ದೋಷಶೋಧನೆ’ ಅಂತಿದೆ, ಎರಡೂ ಒಂದೇನಾ? ವೇರಿಯಬಲ್‌ಗೆ (ಪ್ರೋಗ್ರಾಂನಲ್ಲಿ ಬೆಲೆಯೊಂದಕ್ಕೆ ಇಡುವ ಹೆಸರು) ‘ಚರಾಕ್ಷರ’ ಎಂದಿದೆ, ಅದು ಗಣಿತದ ಪದವಲ್ಲವೇ? ಇನ್ನು ವೇರಿಯಬಲ್ ಹೆಸರನ್ನು ತಪ್ಪಾಗಿ ಟೈಪಿಸುವುದನ್ನು ‘ಕಾಗುಣಿತ ದೋಷ’ ಎಂದು ಕರೆದಿದ್ದಾರೆ. ಓದುವಾಗ ಎಲ್ಲೋ ಕಲ್ಲು ಸಿಕ್ಕಿದ ಹಾಗಾಗುತ್ತದೆ, ಎಲ್ಲಿ ಎಂದು ಬೆರಳಿಟ್ಟು ತೋರಿಸಲಾಗುತ್ತಿಲ್ಲ. ತಿಳಿದವರು ಹೇಳಿ.

ಉತ್ತರ 1

ಕೊನೆಯದನ್ನೇ ಮೊದಲು ಎತ್ತಿಕೊಳ್ಳೋಣ, ಗಂಟು ಇರುವುದು ಅಲ್ಲಿ.

ಕಾಗುಣಿತ ತಪ್ಪಿದೆ ಅನ್ನಬೇಕಾದರೆ ಸರಿಯಾದ ಕಾಗುಣಿತ ಅಂತ ಒಂದಿರಬೇಕು, ಅದನ್ನು ಹೇಳಲು ನಿಘಂಟು ಇರಬೇಕು. ಕೋಡನ್ನು ಓದಿ ನಡೆಸುವ ಪೈಥಾನ್ ಇಂಟರ್‌ಪ್ರಿಟರ್ ಬಳಿ ನಿಘಂಟಿಲ್ಲ. ಅಲ್ಲಿ ಇಟ್ಟ ಹೆಸರು, ಇಲ್ಲಿ ಕರೆದ ಹೆಸರು ಅಕ್ಷರಕ್ಕಕ್ಷರ ಒಂದೇನಾ ಎನ್ನುವುದಷ್ಟೇ ಅದಕ್ಕೆ ಬೇಕು. ‘ವಿದ್ಯಾರ್ತಿ’ ಎಂದು ಮೊದಲಿಂದ ಕಡೆತನಕ ಅಲ್ಪಪ್ರಾಣದಲ್ಲೇ ಬರೆದರೆ ಕನ್ನಡ ಮೇಷ್ಟರು ಕೆಂಪು ಗೆರೆ ಎಳೆದಾರು, ಪ್ರೋಗ್ರಾಂ ಮಾತ್ರ ನೆಟ್ಟಗೆ ಓಡುತ್ತದೆ. ‘ಮೊತ್ತ’ ಎಂದು ಶುರುಮಾಡಿ ನಡುವೆ ಮರೆತು ‘ಒಟ್ಟು’ ಎಂದು ಬರೆದರೆ ಎರಡೂ ಅಪ್ಪಟ ಶುದ್ಧ ಪದಗಳೇ, ಆದರೆ ಲೆಕ್ಕ ಹಾಳು.

ಇದಕ್ಕೆ ವೆಬ್‌ನಲ್ಲೇ ದಿನವೂ ಓಡಾಡುವ ಸಾಕ್ಷಿಯಿದೆ. ಓದುಗ ಯಾವ ಪುಟದಿಂದ ಬಂದ ಎಂದು ಸರ್ವರ್‌ಗೆ ತಿಳಿಸುವ ಎಚ್‌ಟಿಟಿಪಿ ಹೆಡರ್ (ವೆಬ್ ಪುಟದ ಕೋರಿಕೆ, ಉತ್ತರಗಳ ಜೊತೆ ಹೋಗುವ ಮಾಹಿತಿಯ ಸಾಲು) ‘ರೆಫರರ್’. ಇಂಗ್ಲಿಷ್ ಕಾಗುಣಿತದ ಪ್ರಕಾರ ನಡುವೆ ಎರಡು ‘ಆರ್’ ಬರಬೇಕು, ಇರುವುದು ಒಂದೇ. ಎಚ್‌ಟಿಟಿಪಿಯನ್ನು ವಿವರಿಸಿದ 1996ರ ದಾಖಲೆ ಆರ್‌ಎಫ್‌ಸಿ 1945ರಲ್ಲಿ ಹಾಗೇ ಸೇರಿತು, ಇವತ್ತಿಗೂ ಹಾಗೇ ಇದೆ. ಅದನ್ನು ಓದುವ ಕೋಡಿನಲ್ಲಿ ಯಾರಾದರೂ ಶುದ್ಧಿಪ್ರಿಯರು ಇನ್ನೊಂದು ‘ಆರ್’ ಸೇರಿಸಿ ‘ತಿದ್ದಿದರೆ’ ಆ ತಿದ್ದುಪಡಿಯೇ ಬಗ್. ತಮಾಷೆಯೆಂದರೆ ಆಮೇಲೆ ಬಂದ ‘ರೆಫರರ್-ಪಾಲಿಸಿ’ ಹೆಡರ್‌ನಲ್ಲಿ ಎರಡು ‘ಆರ್’ ಸರಿಯಾಗಿಯೇ ಇವೆ. ಹಾಗಾಗಿ ಎರಡನ್ನೂ ಬಳಸುವವರು ಒಂದನ್ನು ತಪ್ಪಾಗಿ, ಇನ್ನೊಂದನ್ನು ಸರಿಯಾಗಿ ಬರೆದರೇ ಸರಿ.

ಆದ್ದರಿಂದ ‘ಕಾಗುಣಿತ ದೋಷ’ ಬೇಡ. ಬೆರಳು ಜಾರಿದ್ದಕ್ಕೆ ‘ಕೈತಪ್ಪು’ ಅನ್ನಿ. ಅದರಿಂದ ಹೆಸರುಗಳು ಒಂದಕ್ಕೊಂದು ಕೂಡದೆ ಹೋಗುವುದಕ್ಕೆ ‘ಹೆಸರುತಪ್ಪು’ ಅನ್ನಬಹುದು. ಕಾರಣ ಬೇರೆ, ಪರಿಣಾಮ ಬೇರೆ. ಕೈ ತಪ್ಪದೆ ಬರೀ ಮರೆವಿನಿಂದಲೂ ಹೆಸರುತಪ್ಪು ಆಗುತ್ತದೆ, ಮೇಲಿನ ‘ಒಟ್ಟು’ ಹಾಗೆ.

ಕೈಪಿಡಿಯಲ್ಲಿ ಈ ಉದಾಹರಣೆ ಹಾಕಿ. ಪೈಥಾನ್ 3ರಲ್ಲಿ ಕನ್ನಡ ಹೆಸರುಗಳು ನಡೆಯುತ್ತವೆ, ಇದು ಇದ್ದಂತೆಯೇ ಓಡುತ್ತದೆ:

ಮೊತ್ತ = 0
ಮೊತ್ತ = ಮೊತ್ತ + 120
ಮೊತ = ಮೊತ್ತ + 80
ಮೊತ್ತ = ಮೊತ್ತ + 50

ಬರಬೇಕಾದ್ದು 250, ಬರುವುದು 170. ಎಲ್ಲೂ ಎರರ್ ಇಲ್ಲ. ಮೂರನೇ ಸಾಲಿನಲ್ಲಿ ಒತ್ತು ಬಿಟ್ಟುಹೋಯಿತು. ಪೈಥಾನ್ ತಕರಾರಿಲ್ಲದೆ ‘ಮೊತ’ ಎಂಬ ಹೊಸ ಹೆಸರು ಹುಟ್ಟಿಸಿ 200ನ್ನು ಅದರಲ್ಲಿಟ್ಟಿತು. ಹಳೆಯ ‘ಮೊತ್ತ’ 120ರಲ್ಲೇ ಕೂತಿತ್ತು, ಅದಕ್ಕೆ 50 ಸೇರಿತು.

ಇದೇ ತಪ್ಪು ಸಮ ಚಿಹ್ನೆಯ ಬಲಗಡೆ ಆಗಿದ್ದರೆ, ಅಂದರೆ ‘ಮೊತ್ತ = ಮೊತ + 80’ ಎಂದಿದ್ದರೆ, ಹಾಗೊಂದು ಹೆಸರೇ ಇಲ್ಲ ಎಂದು ನೇಮ್‌ಎರರ್ ಕೊಟ್ಟು ನಿಲ್ಲುತ್ತಿತ್ತು. ಬಲಗಡೆಯ ತಪ್ಪು ಬೊಬ್ಬೆ ಹಾಕುತ್ತದೆ, ಎಡಗಡೆಯದು ಬಾಯಿ ಬಿಡುವುದಿಲ್ಲ. ಮಕ್ಕಳಿಗೆ ಮೊದಲು ಕಲಿಸಬೇಕಾದ ಭೇದ ಇದು. ಇದರಿಂದ ಒಂದು ಅಭ್ಯಾಸವೂ ಸಿಗುತ್ತದೆ: ಕೂಡುವಾಗ ಯಾವಾಗಲೂ ‘ಮೊತ್ತ += 80’ ಎಂದೇ ಬರೆಯಿರಿ. ಕೂಡುವ ಮೊದಲು ಹಳೆಯ ಬೆಲೆಯನ್ನು ಓದಲೇಬೇಕಾದ್ದರಿಂದ ‘ಮೊತ += 80’ ಎಂದು ಕೈತಪ್ಪಿದರೂ ಅಲ್ಲೇ ಸಿಕ್ಕಿಬೀಳುತ್ತದೆ. ಹೆಸರು ಒಂದೇ ಸಲ ಬರೆಯುವುದರಿಂದ ತಪ್ಪುವ ಅವಕಾಶವೂ ಅರ್ಧ.

ಈಗ ‘ಡಿಬಗ್’. ಮೇಲಿನ ಲೆಕ್ಕ ತಪ್ಪಿದಾಗ ಮಾಡುವ ಕೆಲಸ ನೋಡಿ. ಎಷ್ಟು ಕಡಿಮೆ ಬಂತು? 80. ಹಾಗಾದರೆ 80 ಸೇರಬೇಕಾದ ಸಾಲಿನತ್ತ ಮೊದಲ ನೋಟ. ಸಾಲು ನಾಲ್ಕಲ್ಲ ನಾಲ್ಕುನೂರು ಎಂದಿಟ್ಟುಕೊಳ್ಳಿ: ನಟ್ಟನಡುವೆ ‘ಮೊತ್ತ’ವನ್ನು ಪ್ರಿಂಟ್ ಮಾಡಿ, ಅಲ್ಲಿಯವರೆಗೆ ಸರಿಯಿದ್ದರೆ ತಪ್ಪು ಕೆಳಗಿನರ್ಧದಲ್ಲಿ, ಅಲ್ಲೇ ಕೆಟ್ಟಿದ್ದರೆ ಮೇಲಿನರ್ಧದಲ್ಲಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಒಂಬತ್ತು ಸಲದೊಳಗೆ ಒಂದು ಸಾಲಿಗೆ ಬಂದು ನಿಲ್ಲುತ್ತೀರಿ. ಆ ಸಾಲು ಕಣ್ಣಿಗೆ ಸರಿಯಾಗಿಯೇ ಕಂಡರೆ ಹೆಸರಿನ ಮೇಲೆ ಕರ್ಸರ್ ಇಡಿ. ಬಹುತೇಕ ಎಡಿಟರ್‌ಗಳು ಅದೇ ಹೆಸರು ಬಂದ ಕಡೆಯೆಲ್ಲ ಬಣ್ಣ ಬಳಿಯುತ್ತವೆ. ಬಣ್ಣ ಬೀಳದ ‘ಮೊತ್ತ’ವೇ ಕಳ್ಳ. ಬರೆದವರ ಕಣ್ಣು ಬರೆದದ್ದನ್ನು ಓದುವುದಿಲ್ಲ, ಬರೆಯಬೇಕೆಂದಿದ್ದನ್ನು ಓದುತ್ತದೆ. ಕರಡು ತಿದ್ದುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೂ ಶೋಧ. ಒತ್ತು ಸೇರಿಸಿ ಸರಿಮಾಡಲು ಎರಡು ಸೆಕೆಂಡು, ಅದು ನಿವಾರಣೆ. ಆಮೇಲೆ ಮತ್ತೆ ಓಡಿಸಿ 250 ಬಂತೇ ಎಂದು ನೋಡುವುದು ಮೂರನೆಯದು. ‘ಡಿಬಗ್’ ಈ ಮೂರಕ್ಕೂ ಸೇರಿ ಆಡುವ ಮಾತು. ಹಾಗಾಗಿ ‘ದೋಷಶೋಧನೆ’, ‘ದೋಷನಿವಾರಣೆ’ ಎರಡೂ ಬೇಕು, ಒಂದರ ಬದಲು ಇನ್ನೊಂದಾಗಿ ಬೇಡ. ಮೇಲಾಗಿ ‘ದೋಷನಿವಾರಣೆ’ ಅಂದಕೂಡಲೇ ನಮ್ಮ ಕಡೆ ಕುಕ್ಕೆ ಸುಬ್ರಹ್ಮಣ್ಯ, ಸರ್ಪದೋಷ ನೆನಪಾಗುತ್ತದೆ. ನನ್ನ ಮತ ‘ಹುಳುಕು’ ಪದಕ್ಕೆ. ಹುಳುಕು ಹಲ್ಲು, ಹುಳುಕು ಬದನೆಕಾಯಿ: ಹೊರಗೆ ನೆಟ್ಟಗಿದ್ದು ಒಳಗೆ ಹುಳು ಕೊರೆದದ್ದು. ‘ಮೊತ’ ಮಾಡಿದ್ದು ಇದನ್ನೇ. ಬಗ್ ಪದದೊಳಗೂ ಹುಳುವೇ ಇದೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಗಣಕದ ರಿಲೇ ಒಂದರಲ್ಲಿ ಪತಂಗ ಸಿಕ್ಕಿ, ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ್ದರು. ಆದರೆ ಪದ ಅಲ್ಲಿ ಹುಟ್ಟಿದ್ದಲ್ಲ; 1878ರಲ್ಲೇ ಎಡಿಸನ್ ತನ್ನ ಕಾಗದದಲ್ಲಿ ಯಂತ್ರದ ತೊಡಕಿಗೆ ‘ಬಗ್’ ಎಂದು ಬರೆದಿದ್ದ. ಕೈಪಿಡಿಯಲ್ಲಿ ಪತಂಗದ ಕಥೆಯಿದ್ದರೆ ‘ಪದ ಬಂದದ್ದು ಹೀಗೆ’ ಎನ್ನುವ ಮಾತು ತೆಗೆಸಿ.

‘ಚರಾಕ್ಷರ’ದ ಬಗ್ಗೆ ಹೆಚ್ಚೇನಿಲ್ಲ. ಬೀಜಗಣಿತದಲ್ಲಿ ಒಂದೇ ಅಕ್ಷರ ಇರುವುದರಿಂದ ಅಲ್ಲಿ ಒಪ್ಪುತ್ತದೆ. ಪ್ರೋಗ್ರಾಂನಲ್ಲಿ ಇಡೀ ಪದವೇ ಹೆಸರು. ‘ಚರ’ ಸಾಕು, ಇಲ್ಲವೇ ಸುಮ್ಮನೆ ‘ವೇರಿಯಬಲ್’.

ಉತ್ತರ 2

ಹೆಸರುತಪ್ಪಿಗೆ ನನ್ನ ಒಪ್ಪಿಗೆಯಿದೆ. ಹುಳುಕಿಗೆ ಅರ್ಧ ಒಪ್ಪಿಗೆ: ‘ಹುಳುಕು ಹುಡುಕುವವನು’ ಅಂದರೆ ಕೊಂಕು ತೆಗೆಯುವವನು ಎಂದೇ ಜನ ತಿಳಿಯುತ್ತಾರೆ. ತರಗತಿಯ ನಗುವಿಗೆ ಸರಿ, ಪುಸ್ತಕದಲ್ಲಿ ‘ಡಿಬಗ್’ ಎಂದೇ ಇರಲಿ.

ಕನ್ನಡ ಹೆಸರುಗಳನ್ನು ಬಳಸುವುದಾದರೆ ಕೈಪಿಡಿಯಲ್ಲಿ ಒಂದು ಪ್ಯಾರಾ ಸೇರಲೇಬೇಕು. ‘ಬೆ೦ಗಳೂರು’ ಎಂದು ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಒತ್ತುವ ಚಾಳಿ ಆನ್‌ಲೈನ್ ಕನ್ನಡದಲ್ಲಿ ಎಷ್ಟಿದೆ ಎಂದು ಎಲ್ಲರಿಗೂ ಗೊತ್ತು. ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅನುಸ್ವಾರ 0ಸಿ82, ಅಂಕಿ ಸೊನ್ನೆ 0ಸಿಇ6. ವೇರಿಯಬಲ್ ಹೆಸರಿನ ಮೊದಲ ಜಾಗ ಬಿಟ್ಟು ಮಿಕ್ಕೆಡೆ ಅಂಕಿ ಬರಬಹುದೆಂಬ ನಿಯಮ ಕನ್ನಡ ಅಂಕಿಗಳಿಗೂ ಅನ್ವಯ. ಆದ್ದರಿಂದ ‘ಅಂಕ’, ‘ಅ೦ಕ’ ಎರಡೂ ಕ್ರಮಬದ್ಧ ಹೆಸರುಗಳು, ಎರಡೂ ಬೇರೆ ಬೇರೆ. ಉದ್ದ ಅಳೆದರೂ ಎರಡೂ ಮೂರೇ. ಪೈಥಾನ್ 3.10ರಿಂದ ನೇಮ್‌ಎರರ್ ಜೊತೆ ‘ನಿಮ್ಮ ಮನಸ್ಸಿನಲ್ಲಿದ್ದುದು ಇದೇನಾ’ ಎಂಬ ಸಲಹೆ ಬರುತ್ತದೆ. ಇಲ್ಲಿ ಅದು ‘ಅ೦ಕ ಎಂಬುದಿಲ್ಲ, ಅಂಕ ಎಂದಿರಾ?’ ಎಂದು ಕೇಳಿ ಓದುವವರ ತಲೆ ಕೆಡಿಸುತ್ತದೆ. ಅನುಮಾನ ಬಂದರೆ ಯೂನಿಕೋಡ್‌ಡೇಟಾ ಮಾಡ್ಯೂಲಿನ ‘ನೇಮ್’ ಫಂಕ್ಷನ್‌ಗೆ ಅಕ್ಷರಗಳನ್ನು ಒಂದೊಂದಾಗಿ ಕೊಡಿ. ಒಂದಕ್ಕೆ ‘ಕನ್ನಡ ಸೈನ್ ಅನುಸ್ವಾರ’, ಇನ್ನೊಂದಕ್ಕೆ ‘ಕನ್ನಡ ಡಿಜಿಟ್ ಝೀರೋ’ ಎಂದು ಬಾಯಿಬಿಡುತ್ತದೆ.

ಆ ಸಲಹೆಯನ್ನೇ ನಂಬಿ ಕೂರುವ ಹಾಗೂ ಇಲ್ಲ. ನಮ್ಮ ಕಣ್ಣಿಗೆ ಒತ್ತಕ್ಷರ ಒಂದು, ಯಂತ್ರಕ್ಕೆ ವಿರಾಮ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ) ಮತ್ತು ವ್ಯಂಜನ ಸೇರಿ ಎರಡು. ‘ಮೊತ’ದಂಥ ಗಿಡ್ಡ ಹೆಸರಿನಲ್ಲಿ ಎರಡು ಸಂಕೇತ ಕಡಿಮೆಯಾದರೆ ‘ಮೊತ್ತ’ ತೀರ ದೂರದ ಹೆಸರೆಂದು ಲೆಕ್ಕ ಹಾಕಿ ಸಲಹೆಯನ್ನೇ ಕೊಡುವುದಿಲ್ಲ.

ಎರಡನೆಯದು ಕಣ್ಣಿಗೆ ಕಾಣದ ಅಕ್ಷರ. ‘ಸಾಫ್ಟ್‌ವೇರ್’ ಬರೆಯುವಾಗ ‘ಟ’ಗೆ ‘ವ’ ಒತ್ತಾಗದಿರಲೆಂದು ನಡುವೆ ಒಂದು ಅಗೋಚರ ಸಂಕೇತ ಹಾಕುತ್ತೇವೆ. ಪೈಥಾನ್ ಅದನ್ನು ಹೆಸರಿನೊಳಗೆ ಬಿಟ್ಟುಕೊಳ್ಳದೆ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಜಾವಾಸ್ಕ್ರಿಪ್ಟ್ ಬಿಟ್ಟುಕೊಳ್ಳುತ್ತದೆ, ಅದೇ ಅಪಾಯ: ಹಾಕಿದ್ದೊಂದು, ಹಾಕದ್ದೊಂದು, ಎರಡು ವೇರಿಯಬಲ್. ‘ಕೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ತುಂಡಾಗಿಯೂ ಬರೆಯಬಹುದು, ಪೈಥಾನ್ ವೇರಿಯಬಲ್ ಹೆಸರುಗಳನ್ನು ಒಂದೇ ರೂಪಕ್ಕೆ ತಂದುಕೊಳ್ಳುತ್ತದೆ, ಆದರೆ ಡಿಕ್ಷನರಿಯ (ಕೀಲಿಗೊಂದು ಬೆಲೆ ಜೋಡಿಸಿಡುವ ಪೈಥಾನ್ ಪಟ್ಟಿ) ಕೀಲಿಯಾಗಿ ಉದ್ಧರಣ ಚಿಹ್ನೆಯೊಳಗೆ ಬರೆದದ್ದನ್ನು ಮುಟ್ಟುವುದಿಲ್ಲ. ಹೆಸರು ತಾಳೆಯಾಗಿ ಕೀಲಿ ತಾಳೆಯಾಗದಿದ್ದರೆ ಅಲ್ಲಿ ಹುಡುಕಿ.

ಹೆಸರುಗಳನ್ನೆಲ್ಲ ಹೆಕ್ಕಿ ಎಣಿಸಿ, ಒಂದೇ ಸಲ ಬಂದವನ್ನು ನೋಡುವುದು ಹಳೆಯ ಉಪಾಯ, ಒಳ್ಳೆಯದೇ. ಆದರೆ ಪಠ್ಯದಲ್ಲಿ ಮಾದರಿ ಹುಡುಕುವ ಪೈಥಾನ್ ರೆಗ್ಯುಲರ್ ಎಕ್ಸ್‌ಪ್ರೆಶನ್‌ನ ‘ಪದಾಕ್ಷರ’ ಗುರುತು ಸ್ವರಚಿಹ್ನೆ, ವಿರಾಮಗಳನ್ನು ಅಕ್ಷರವೆಂದು ಒಪ್ಪುವುದಿಲ್ಲ. ‘ಮೊತ್ತ’ ಅದರ ಕೈಗೆ ಸಿಕ್ಕರೆ ‘ಮ’, ‘ತ’, ‘ತ’ ಎಂದು ಚೂರಾಗುತ್ತದೆ. ಅದರ ಬದಲು ಕೋಡಿನ ರಚನೆಯನ್ನು ಬಿಡಿಸಿಕೊಡುವ ಎಎಸ್‌ಟಿ ಮಾಡ್ಯೂಲಿನಿಂದ ಹೆಸರುಗಳನ್ನು ತೆಗೆಯಿರಿ.

ಉತ್ತರ 1ರ ಸೇರ್ಪಡೆ

ಸೊನ್ನೆಯ ಮಾತು ತಪ್ಪದೆ ಹಾಕಿಸಿ. ಯಂತ್ರವೇ ಕಾವಲು ಕಾಯುವ ದಾರಿಗಳನ್ನೂ ಎರಡು ಸಾಲಿನಲ್ಲಿ ಹೇಳಿ. ಕೋಡನ್ನು ಓಡಿಸದೆಯೇ ತಪ್ಪು ಹುಡುಕುವ ಪೈಫ್ಲೇಕ್ಸ್ ‘ಬೆಲೆ ಕೊಟ್ಟಿದ್ದೀರಿ, ಬಳಸಿಲ್ಲ’ ಎಂದು ‘ಮೊತ’ವನ್ನು ಹಿಡಿದುಕೊಡುತ್ತದೆ, ಆದರೆ ಫಂಕ್ಷನ್ ಒಳಗಿದ್ದರೆ ಮಾತ್ರ, ಫೈಲಿನ ಹೊರಮೈಯಲ್ಲಿ ಬರೆದರೆ ತೆಪ್ಪಗಿರುತ್ತದೆ. ಕ್ಲಾಸಿನ ಗುಣಗಳ ಹೆಸರು ತಪ್ಪಿದರೂ ಹೊಸ ಗುಣ ಹುಟ್ಟುವುದರಿಂದ, ‘ಸ್ಲಾಟ್ಸ್’ನಲ್ಲಿ ಒಪ್ಪಿತ ಹೆಸರುಗಳ ಪಟ್ಟಿ ಕೊಟ್ಟು ಮಿಕ್ಕವಕ್ಕೆ ಬಾಗಿಲು ಹಾಕಬಹುದು. ಬೇರೆ ಭಾಷೆಗಳಲ್ಲಿ ಇದೇ ಕೆಲಸಕ್ಕೆ ಒಂದೊಂದು ಮಂತ್ರವಿದೆ: ಜಾವಾಸ್ಕ್ರಿಪ್ಟ್, ಪರ್ಲ್‌ಗಳಲ್ಲಿ ‘ಯೂಸ್ ಸ್ಟ್ರಿಕ್ಟ್’, ವಿಷುಯಲ್ ಬೇಸಿಕ್‌ನಲ್ಲಿ ‘ಆಪ್ಷನ್ ಎಕ್ಸ್‌ಪ್ಲಿಸಿಟ್’, ಫೋರ್ಟ್ರಾನ್‌ನಲ್ಲಿ ‘ಇಂಪ್ಲಿಸಿಟ್ ನನ್’. ಎಲ್ಲದರ ತಾತ್ಪರ್ಯ ‘ಕೇಳದೆ ಹೊಸ ಹೆಸರು ಒಪ್ಪಬೇಡ’.

ಪುಟದ ವಾಕ್ಯವನ್ನು ಹೀಗೆ ತಿದ್ದಿ: ‘ವೇರಿಯಬಲ್‌ಗೆ ಇಟ್ಟ ಹೆಸರನ್ನೇ ಮುಂದೆ ಬೇರೆ ಅಕ್ಷರಗಳಲ್ಲಿ ಬರೆದರೆ ಅದು ಹೆಸರುತಪ್ಪು. ಸಮ ಚಿಹ್ನೆಯ ಬಲಗಡೆ ಆದರೆ ಪ್ರೋಗ್ರಾಂ ನಿಲ್ಲುತ್ತದೆ. ಎಡಗಡೆ ಆದರೆ ನಿಲ್ಲದೆ ತಪ್ಪು ಉತ್ತರ ಕೊಡುತ್ತದೆ.’