1870ರ ದಶಕದ ಬಸಲ್ ಗೌನು: ಗೊಂಬೆಯ ಸೊಂಟ ದಪ್ಪಗಾಗುತ್ತಿದೆ

ಕಾಜಾಗುಂಡಿ:
29 ಸೆಂ.ಮೀ. ಎತ್ತರದ ವಿನೈಲ್ ಗೊಂಬೆಗೆ 1870ರ ದಶಕದ ಆರಂಭದ ಬಸಲ್ ಗೌನು ಹೊಲಿಯುತ್ತಿದ್ದೇನೆ. ಸೊಂಟದ ಹಿಂಬದಿಗೆ ಉಬ್ಬಿ ಅಲ್ಲಿಂದ ಕೆಳಗಿಳಿಯುತ್ತದಲ್ಲ, ಆ ಶೈಲಿ. ಕಡುನೀಲಿ ಹತ್ತಿ ಬಟ್ಟೆ, ಒಳಗೆ ಎರಡು ಒಳಲಂಗ. ರವಿಕೆ ಚೆನ್ನಾಗಿ ಕೂತಿದೆ. ಲಂಗ ಮಾತ್ರ ಸುತ್ತಲೂ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಸೊಂಟ ದಪ್ಪಗೆ ಕಾಣುತ್ತದೆ. ಬಟ್ಟೆ ಬದಲಿಸಲೋ, ಕತ್ತರಿಸುವ ರೀತಿ ಬದಲಿಸಲೋ? ರವಿಕೆಯ ಮುಂಭಾಗದ ಗುಂಡಿಗೆ ಏನು ಬಳಸುತ್ತೀರಿ?

ಅಂಗುಸ್ತಾನ:
ಎರಡೂ ಬದಲಾಗಬೇಕು, ಆದರೆ ಮೊದಲು ಕತ್ತರಿಸುವ ರೀತಿ. ನಿಮ್ಮ ಗೊಂಬೆ ಹೆಚ್ಚುಕಡಿಮೆ ಮನುಷ್ಯರ ಆರನೇ ಒಂದು ಅಳತೆಯದು. ಪ್ಯಾಟರ್ನ್ ಚಿಕ್ಕದಾಗುತ್ತದೆ, ನೂಲು ಚಿಕ್ಕದಾಗುವುದಿಲ್ಲ. 0.25 ಮಿ.ಮೀ. ದಪ್ಪದ ಬಟ್ಟೆ ಅವಳ ಮೈಮೇಲೆ ನಮಗೆ 1.5 ಮಿ.ಮೀ. ಬಟ್ಟೆ ಇದ್ದಂತೆ. 3 ಮೀಟರ್ ಸುತ್ತಳತೆಯ ಲಂಗ 50 ಸೆಂ.ಮೀ.ಗೆ ಇಳಿಯಿತು ಅನ್ನಿ. ಅದನ್ನು 10 ಸೆಂ.ಮೀ. ಸೊಂಟಕ್ಕೆ ನೆರಿಗೆ ಹಿಡಿದು, ಕೆಳಗೆ ಇನ್ನೆರಡು ಪದರ ಹಾಗೇ ಹಿಡಿದರೆ ಗಂಟಲ್ಲದೆ ಇನ್ನೇನಾಗುತ್ತದೆ?

ಆ ಕಾಲದವರೇ ದಾರಿ ಕೊಟ್ಟಿದ್ದಾರೆ. ಬಸಲ್ ಲಂಗದ ಮುಂಭಾಗಕ್ಕೆ ನೆರಿಗೆಯೇ ಇರುತ್ತಿರಲಿಲ್ಲ. ಮೇಲೆ ಕಿರಿದು, ಕೆಳಗೆ ಅಗಲವಾದ ಪಟ್ಟಿಗಳನ್ನು ಜೋಡಿಸಿ ಚಪ್ಪಟೆಯಾಗಿ ಇಳಿಬಿಡುತ್ತಿದ್ದರು, ನೆರಿಗೆಯೆಲ್ಲ ಹಿಂದಕ್ಕೆ. ನೀವೂ ಹಾಗೇ ಕತ್ತರಿಸಿ. ಒಳಲಂಗ ಎರಡು ಬೇಡ, ಒಂದು ಸಾಕು, ಅದೂ ಸೊಂಟದಿಂದಲ್ಲ. ಸೊಂಟಕ್ಕೆ ನೆರಿಗೆಯಿಲ್ಲದ ಪಟ್ಟಿ ಕೊಟ್ಟು, ಅದರ ಕೆಳಗಿನಿಂದ ನೆರಿಗೆ ಶುರು ಮಾಡಿ. ಹಿಂದಿನ ಉಬ್ಬಿಗೆ ಹತ್ತಿ ತುರುಕಬೇಡಿ. ಆರ್ಗಂಡಿಯ (ತೆಳುವಾದರೂ ಬಿರುಸಾದ ಹತ್ತಿ ಬಟ್ಟೆ) ಎರಡು ಮೂರು ಫ್ರಿಲ್‌ಗಳನ್ನು ಒಂದು ಪುಟ್ಟ ತುಂಡಿನ ಮೇಲೆ ಹೊಲಿದು ಲಾಡಿಯಿಂದ ಕಟ್ಟಿದರೆ ಹಗುರವಾಗಿ ನಿಲ್ಲುತ್ತದೆ. ಮೇಲಿನ ಲಂಗದ ಮಡಿಕೆಗಳನ್ನು ಒಳಗಿನಿಂದ ತೆಳು ಟೇಪಿಗೆ ಅಲ್ಲಲ್ಲಿ ಒಂದೊಂದು ಹೊಲಿಗೆ ಹಾಕಿ ಹಿಡಿಯಿರಿ. ಅಸಲಿ ಉಡುಪುಗಳೊಳಗೂ ಇಂಥ ಟೇಪುಗಳೇ ಇದ್ದವು, ಇದು ನನಗೆ ತುಂಬ ಇಷ್ಟದ ಭಾಗ.

ಇಷ್ಟಾದ ಮೇಲೆ ಬಟ್ಟೆ: ವಾಯಿಲ್ (ತೆಳು ಹತ್ತಿ ಬಟ್ಟೆ) ಅಥವಾ ತೆಳು ರೇಷ್ಮೆ. ಹೊಲಿಗೆಯ ಅಂಚಿಗೆ 3 ಮಿ.ಮೀ. ಸಾಕು. ಗೊಂಬೆಯ ಮೈಗೆ ಮೊದಲು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಲಂಗ ಉಡಿಸಿ, ನೀರು ಚಿಮುಕಿಸಿ, ಮಡಿಕೆಗಳನ್ನು ಬೆರಳಿನಿಂದ ಕೂರಿಸಿ, ದಾರದಿಂದ ಸಡಿಲವಾಗಿ ಸುತ್ತಿ ಒಣಗಲು ಬಿಡಿ. ಇಸ್ತ್ರಿಯಿಂದ ಈ ಇಳಿತ ಬರುವುದಿಲ್ಲ.

ಗುಂಡಿ: ನಮ್ಮ 12 ಮಿ.ಮೀ. ಗುಂಡಿ ಅವಳಿಗೆ 2 ಮಿ.ಮೀ. ಹಾಗಾಗಿ ಸುಮಾರು ಅಷ್ಟೇ ಗಾತ್ರದ, 11/0 ಅಳತೆಯ ಮಣಿ ಸರಿಹೋಗುತ್ತದೆ, ಇನ್ನೂ ನಾಜೂಕು ಬೇಕೆಂದರೆ ಅದಕ್ಕಿಂತ ಚಿಕ್ಕದಾದ 15/0. ಅವು ಅಲಂಕಾರಕ್ಕೆ ಮಾತ್ರ, ಮುಚ್ಚಲು ಒಳಗೆ ಕೊಕ್ಕೆ ಮತ್ತು ದಾರದ ಕುಣಿಕೆ. ಪ್ರೆಸ್ ಬಟನ್ ಬೇಡ. ಅದರ ಪೇಟೆಂಟ್ ಬಂದದ್ದೇ 1885ರಲ್ಲಿ, ಮೇಲಾಗಿ ದಪ್ಪ.

ಹಳೆಪೆಟ್ಟಿಗೆ:
ಮೇಲಿನದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ನನ್ನ ಚಿಂತೆ ಆ ಕಡುನೀಲಿಯದು. ಕಡು ಬಣ್ಣ ವಿನೈಲ್‌ನೊಳಕ್ಕೆ ಇಳಿಯುತ್ತದೆ, ಬಿಸಿಗೆ ಇನ್ನೂ ಬೇಗ. ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿದಾಗ ಬಣ್ಣ ಬಿಡದಿದ್ದರೂ ನಂಬಬೇಡಿ. ರವಿಕೆಗೆ ಬಿಳಿ ಹತ್ತಿಯ ಲೈನಿಂಗ್ ಕೊಡಿ, ಪ್ರದರ್ಶನ ಮುಗಿದ ಮೇಲೆ ಬಿಚ್ಚಿಡಿ. ಹಿತ್ತಾಳೆ ಕೊಕ್ಕೆಯೂ ಮೈಗೆ ತಾಗಬಾರದು. ಹಳೆಯ ಬಾರ್ಬಿಗಳ ಕಿವಿ ಹಸಿರಾದದ್ದು ಓಲೆಯ ಲೋಹದಿಂದಲೇ.

ಒಳಗಿನ ಕೆಲಸ ಕಲಿಯಲು ಗೊಂಬೆಗಾಗಿಯೇ ಹೊಲಿದ ಹಳೆಯ ಉಡುಪುಗಳನ್ನು ನೋಡಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಲಾರ್ಡ್ ಮತ್ತು ಲೇಡಿ ಕ್ಲಾಪಮ್ ಗೊಂಬೆಗಳು 1690ರ ದಶಕದ ಸುಮಾರಿನವು, ಒಳಉಡುಪುಗಳೂ ಉಳಿದಿವೆ. ಫ್ರಾನ್ಸಿನ ಬ್ಲೂಯೆಟ್ ಗೊಂಬೆಗೆ 1905ರಿಂದ ಒಂದು ಬಾಲಕಿಯರ ವಾರಪತ್ರಿಕೆ ಪ್ಯಾಟರ್ನ್‌ಗಳನ್ನು ಅಚ್ಚುಮಾಡುತ್ತಿತ್ತು.

ಕಾಜಾಗುಂಡಿ:
ಲಂಗ ಪೂರ್ತಿ ಬಿಚ್ಚುತ್ತೇನೆ, ಮುಂಭಾಗವನ್ನು ಪಟ್ಟಿಗಳಾಗಿಯೇ ಕತ್ತರಿಸುತ್ತೇನೆ. ಇನ್ನೊಂದು ಮಾತು: ಲೇಸು ತೀರಾ ಬಿಳಿ, ಹೊಸದೆಂದು ಎದ್ದು ಕಾಣುತ್ತದೆ. ಹಳೆಯದರಂತೆ ಕಾಣಲು ಚಹಾದಲ್ಲಿ ಅದ್ದಬಹುದೇ?

ಅಂಗುಸ್ತಾನ:
ಬೇಡ. ಚಹಾದ ಆಮ್ಲ ನೂಲನ್ನು ನಿಧಾನವಾಗಿ ಕೊರೆಯುತ್ತದೆ, ಕಂದುಕಲೆಯೂ ಕೂರುತ್ತದೆ. ದಂತದ ಬಣ್ಣದ ಹತ್ತಿ ಲೇಸನ್ನೇ ಆರಿಸಿ, ಅಗಲ 5 ಮಿ.ಮೀ. ದಾಟದಿರಲಿ. ಅಂದಹಾಗೆ, ತೋಳು ಹೊಲಿಯುವ ಮುಂಚೆ ಗೊಂಬೆಯ ಕೈ ಮಣಿಕಟ್ಟಿನ ಪಟ್ಟಿಯಲ್ಲಿ ತೂರುತ್ತದೆಯೇ ನೋಡಿಕೊಳ್ಳಿ.